ಮೂರು ಸಲ ಕೇಳಬೇಕು

ಗಾಂಧಿನಗರ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸಿನಿಮಾ. ಯಾವ ನಟನ ಕಾಲ್‌ಶೀಟು ಯಾರಿಗೆ ಸಿಕ್ಕಿತು, ಯಾವ ಚಿತ್ರ ಮೊದಲ ವಾರವೇ ಮಕಾಡೆ ಮಲಗಿತು ಎಂಬ ಸುದ್ದಿಗಳೆಲ್ಲ ಹುಟ್ಟುವುದು ಅಲ್ಲಿ. ಅದೇ ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಮಹಾಬೋಧಿ ಸೊಸೈಟಿ ಇದೆ. ಇಂಫಾಲದಲ್ಲಿ ಹುಟ್ಟಿ, ಭಿಕ್ಷುವಾಗಿ, ಬೆಂಗಳೂರಿಗೆ ಬಂದು ನೆಲೆ ನಿಂತ ಆಚಾರ್ಯ ಬುದ್ಧರಕ್ಖಿತರು ಇದನ್ನು ಕಟ್ಟಿದ್ದು 1956ರಲ್ಲಿ. 2013ರಲ್ಲಿ ತೀರಿಕೊಳ್ಳುವವರೆಗೂ ಅವರ ಊರು ಇದೇ. ಆಸೆಯನ್ನು ರೀಲಿಗೆ ಸುತ್ತಿ ಮಾರುವವರೂ ಆಸೆ ಬಿಡಿ ಎನ್ನುವವರೂ ಇಷ್ಟು ವರ್ಷ ಒಂದೇ ಪಿನ್‌ಕೋಡಿನಲ್ಲಿ ಬಾಳಿದ್ದಾರೆ. ತಕರಾರು ನಡೆದದ್ದು ನನ್ನ ಕಿವಿಗೆ ಬಿದ್ದಿಲ್ಲ.

*

ಭಾನುವಾರ ಬೆಳಿಗ್ಗೆ ಅಲ್ಲಿ ಧ್ಯಾನ ಇರುತ್ತದೆ, ಭಂತೇಜಿ, ಅಂದರೆ ಭಿಕ್ಷುಗಳು, ಮಾತಾಡುತ್ತಾರೆ, ಆಮೇಲೆ ಊಟ ಎಂದು ಕರೆದಿದ್ದರು. ಹೋಗಿ ಕೂತರೆ ಎಲ್ಲಕ್ಕಿಂತ ಮೊದಲು ನಡೆದದ್ದು ಒಂದು ಅರ್ಜಿ. ಕೂತವರೆಲ್ಲ ಕೈ ಮುಗಿದು ಪಾಲಿಯಲ್ಲಿ, ‘ಭಂತೇ, ತ್ರಿಶರಣದ ಜೊತೆ ಪಂಚಶೀಲ ಕೊಡಿ’ ಎಂದು ಕೇಳಿಕೊಂಡರು. ಭಂತೇಜಿ ಸುಮ್ಮನೆ ಕೂತಿದ್ದರು. ಇವರು ‘ದುತಿಯಂಪಿ’ ಎಂದು ಸೇರಿಸಿ ಇನ್ನೊಂದು ಸಲ ಕೇಳಿದರು. ಆಗಲೂ ಅವರು ಸುಮ್ಮನೆ. ‘ತತಿಯಂಪಿ’ ಎಂದು ಮೂರನೇ ಸಲ ಕೇಳಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು.

ಅಷ್ಟು ಕೇಳಿ ಪಡೆದದ್ದೇನು? ಕೊಲ್ಲಬಾರದು, ಕದಿಯಬಾರದು, ಹಾದರ ಬೇಡ, ಸುಳ್ಳು ಬೇಡ, ಕುಡಿತ ಬೇಡ. ಇದನ್ನು ಹೇಳಲು ನಮ್ಮಲ್ಲಿ ಯಾರಾದರೂ ಅಪ್ಪಣೆಗೆ ಕಾದದ್ದುಂಟೆ? ಕೇಳದೆಯೇ ಹೇಳುವ ದೊಡ್ಡಪ್ಪ ಒಬ್ಬರಾದರೂ ಪ್ರತಿ ಮನೆಯಲ್ಲೂ ಇರುತ್ತಾರೆ.

ಮತ್ತೂ ಒಂದು ವಿಚಿತ್ರ. ಭಂತೇಜಿ ‘ಮಾಡಬೇಡಿ’ ಎಂದು ಯಾರಿಗೂ ಹೇಳಲಿಲ್ಲ. ಅವರು ಒಂದೊಂದೇ ಸಾಲು ಹೇಳಿಕೊಟ್ಟರು, ಕೂತವರು ತಮ್ಮ ಬಾಯಲ್ಲಿ ತಾವೇ ಹೇಳಿಕೊಂಡರು. ಅರ್ಥ ಕೇಳಿದೆ: ಇಂಥದ್ದರಿಂದ ದೂರ ಇರುವ ಅಭ್ಯಾಸವನ್ನು ನಾನು ಕೈಗೊಳ್ಳುತ್ತೇನೆ ಎಂದಂತೆ. ಆಜ್ಞೆ ಮಾಡುವವರೇ ಇಲ್ಲದ ಮೇಲೆ ಮೀರಿದರೆ ದಂಡ ಹಾಕುವವರೂ ಇಲ್ಲ. ಮುಂದಿನ ವಾರ ಬಂದು ಮತ್ತೆ ಮೂರು ಸಲ ಕೇಳಿ, ಮತ್ತೆ ತೆಗೆದುಕೊಂಡು ಹೋಗುವುದು. ಪಕ್ಕದಲ್ಲಿದ್ದ ಹೆಂಗಸನ್ನು, ‘ಎಷ್ಟು ವರ್ಷದಿಂದ ತಗೊಳ್ತಿದೀರಮ್ಮ?’ ಎಂದೆ. ‘ಇಟ್ಕೊಳ್ಳೋಕೆ ಆಗಲ್ವಲ್ಲ ಸಾರ್, ಅದಕ್ಕೇ ಬರೋದು’ ಎಂದು ನಕ್ಕರು.

*

ಶೀಲವಷ್ಟೇ ಅಲ್ಲ, ಉಪದೇಶವನ್ನೂ ಕೇಳಿಯೇ ಪಡೆಯಬೇಕಂತೆ. ಕೆಲವು ದೇಶಗಳಲ್ಲಿ, ಮುಖ್ಯವಾಗಿ ಥಾಯ್ಲೆಂಡಿನ ಕಡೆ, ಪ್ರವಚನಕ್ಕೆ ಮೊದಲು ಒಬ್ಬ ಗೃಹಸ್ಥ ಎದ್ದು ಪಾಲಿಯಲ್ಲಿ ಬಿನ್ನಹ ಮಾಡುತ್ತಾನೆ. ಅದರಲ್ಲಿ ಬರುವ ಹೆಸರು ಬ್ರಹ್ಮನದು. ಕಥೆ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ್ದು. ಬುದ್ಧನಿಗೆ ಬೋಧಿಯಾದ ಮೇಲೆ, ಇದನ್ನು ಯಾರಿಗೆ ಹೇಳುವುದು, ಹೇಳಿದರೆ ಯಾರಿಗೆ ತಿಳಿದೀತು, ಸುಮ್ಮನಿರೋಣ ಎನಿಸಿತು. ಆಗ ಸಹಂಪತಿ ಬ್ರಹ್ಮ ಬಂದು ಬೇಡಿಕೊಂಡ. ಮೂರು ಸಲ ಬೇಡಿದ. ಮೂರನೆಯದಕ್ಕೆ ಬುದ್ಧ ಲೋಕದ ಕಡೆ ನೋಡಿ, ಕಣ್ಣಲ್ಲಿ ದೂಳು ಕಡಿಮೆ ಇರುವವರೂ ಇದ್ದಾರೆ ಎಂದು ಒಪ್ಪಿದ.

ಸೃಷ್ಟಿ ಮಾಡಿದ್ದು ಬ್ರಹ್ಮ ಎಂದು ನಂಬಿ ಬೆಳೆದವನಿಗೆ, ಅದೇ ಬ್ರಹ್ಮ ಒಬ್ಬ ಮನುಷ್ಯನ ಮುಂದೆ ಬಲ ಮೊಣಕಾಲು ಊರಿ ಅರ್ಜಿ ಕೊಡುವ ಚಿತ್ರ ಜೀರ್ಣವಾಗಲು ಸ್ವಲ್ಪ ಹೊತ್ತು ಬೇಕು.

*

ಭಂತೇಜಿಗೆ ಕೈ ಮುಗಿದೆ. ತಿರುಗಿ ಕೈ ಮುಗಿಯಲಿಲ್ಲ. ಮುಖ ತುಂಬ ನಕ್ಕರು, ಅಷ್ಟೆ. ಗರ್ವವಿರಬಹುದೇ ಎಂದುಕೊಂಡೆ. ಆಮೇಲೆ ತಿಳಿದದ್ದು: ಭಿಕ್ಷು ಗೃಹಸ್ಥರಿಗೆ ವಂದಿಸುವ ಹಾಗಿಲ್ಲ, ತನಗಿಂತ ಕಿರಿಯ ಭಿಕ್ಷುವಿಗೂ ಇಲ್ಲ. ಕಿರಿಯ ಎಂದರೆ ವಯಸ್ಸಿನಲ್ಲಿ ಕಿರಿಯನಲ್ಲ; ದೀಕ್ಷೆಯಾಗಿ ಎಷ್ಟು ಮಳೆಗಾಲ ಕಳೆಯಿತು ಎಂಬುದು ಲೆಕ್ಕ. ಸರ್ಕಾರಿ ನೌಕರಿ ಮುಗಿಸಿ, ಪಿಂಚಣಿ ಬರಲು ಶುರುವಾದ ಮೇಲೆ ಚೀವರ ಉಟ್ಟ ತಾತ, ಇಪ್ಪತ್ತೈದರ ಹುಡುಗನ ಕಾಲಿಗೆ ಬೀಳಬೇಕು. ಅವನಿಗೆ ಐದು ಮಳೆಗಾಲ ಆಗಿದ್ದರೆ ತಾತನಿಗೆ ಇನ್ನೂ ಒಂದೂ ಆಗಿಲ್ಲ. ಸೀನಿಯಾರಿಟಿ ಪಟ್ಟಿ ನೋಡಿಯೇ ಆಯುಸ್ಸು ಕಳೆದವರಿಗೆ ಇದು ಬೇಗ ಅರ್ಥವಾಗುತ್ತದೆಂದು ಕಾಣುತ್ತದೆ.

*

ಹಿಂದಿನ ಸಾಲಿನಲ್ಲಿ ಟೋಪಿ ಹಾಕಿ ಕೂತಿದ್ದ ಹುಡುಗನಿಗೆ ಯಾರೋ ಮೆಲ್ಲಗೆ ಟೋಪಿ ತೆಗೆಯಲು ಹೇಳಿದರು. ಮಂಕಿ ಕ್ಯಾಪ್ ಹಾಕಿದ್ದ ಅಜ್ಜನಿಗೆ ಯಾರೂ ಏನೂ ಹೇಳಲಿಲ್ಲ. ಪಕ್ಷಪಾತ ಎಂದು ಬರೆದುಕೊಂಡಿದ್ದೆ. ಅದಕ್ಕೂ ನಿಯಮವಿದೆ. ಭಿಕ್ಷುವಿಗೆ ಒಟ್ಟು 227 ನಿಯಮಗಳು. ಅವುಗಳಲ್ಲಿ ಕೊನೆಯ ಕಡೆ ಒಂದು ಸರಣಿಯೇ ಯಾರಿಗೆ ಧರ್ಮ ಬೋಧಿಸಬಾರದು ಎನ್ನುವುದರ ಬಗ್ಗೆ. ಕೊಡೆ ಹಿಡಿದವರಿಗೆ, ಕೈಯಲ್ಲಿ ದೊಣ್ಣೆ ಇದ್ದವರಿಗೆ, ಆಯುಧ ಹಿಡಿದವರಿಗೆ, ಚಪ್ಪಲಿ ಮೆಟ್ಟಿದವರಿಗೆ, ವಾಹನದಲ್ಲಿ ಕೂತವರಿಗೆ, ಮಲಗಿದವರಿಗೆ, ತಲೆಗೆ ಸುತ್ತಿಕೊಂಡವರಿಗೆ, ತನಗಿಂತ ಎತ್ತರದ ಆಸನದಲ್ಲಿ ಕೂತವರಿಗೆ ಬೋಧಿಸುವ ಹಾಗಿಲ್ಲ. ಕಾಯಿಲೆ ಇದ್ದವರಿಗೆ ಮಾತ್ರ ಎಲ್ಲದರಿಂದಲೂ ವಿನಾಯಿತಿ. ಅಜ್ಜನಿಗೆ ಶೀತ, ಆದ್ದರಿಂದ ಟೋಪಿ ಉಳಿಯಿತು.

ಪಟ್ಟಿಯನ್ನು ಮತ್ತೊಮ್ಮೆ ಓದಿಕೊಂಡೆ. ನಿಯಮಗಳು ಕೇಳುವವನಿಗಾಗಿ ಮಾಡಿದವಲ್ಲ. ಮುರಿದರೆ ತಪ್ಪು ಹೇಳುವವನದು. ಕಾರಿನೊಳಗೆ ಸ್ಟೀರಿಂಗ್ ಹಿಡಿದು, ಕಿವಿಗೆ ಪ್ರವಚನ ಸಿಕ್ಕಿಸಿಕೊಂಡು ರಿಂಗ್ ರಸ್ತೆಯಲ್ಲಿ ಸಾಗುವ ಇವತ್ತಿನ ಸಾಧಕರು ಈ ಪಟ್ಟಿಯ ಎಷ್ಟು ಕಲಮಿನಡಿ ಬರುತ್ತಾರೋ, ವಿನಯ ಬಲ್ಲವರು ಲೆಕ್ಕ ಹಾಕಬೇಕು.

*

ಧ್ಯಾನ. ಕಣ್ಣು ಮುಚ್ಚಿದ ಮೇಲೆ ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದಾರೆಂದು ನೋಡುವವನಿಗೆ ಅನಿಸುತ್ತದೆ. ಆಮೇಲೆ ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ದಾರಿ. ಸಾಫ್ಟ್‌ವೇರ್ ಕಂಪನಿಯ ಯುವಕನೊಬ್ಬ ತುಮಕೂರು ರಸ್ತೆಯ ಆಲೂರಿನ ಬಳಿ ಇರುವ ‘ಧಮ್ಮ ಪಫುಲ್ಲ’ದಲ್ಲಿ ಗೋಯೆಂಕಾ ಪದ್ಧತಿಯ ಹತ್ತು ದಿನದ ಮೌನ ಶಿಬಿರ ಮುಗಿಸಿದವನು, ಅವನ ಗಮನ ಮೂಗಿನ ಹೊಳ್ಳೆಯ ಕೆಳಗೆ. ಅವನ ಮುಂದಿದ್ದ ನಿವೃತ್ತ ಮೇಡಂಗೆ ಹೊಟ್ಟೆ ಏರುವುದು, ಇಳಿಯುವುದು. ಅದು ಮಹಾಸಿ ಸಯಾಡೋ ಹೇಳಿಕೊಟ್ಟ ಕ್ರಮ. ಎರಡೂ ಬರ್ಮಾದಿಂದಲೇ ಬಂದವು. ಗೋಯೆಂಕಾ ಅವರ ಗುರು ಊ ಬ ಖಿನ್ ಅಂತೂ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು, ಸಂನ್ಯಾಸಿಯಲ್ಲ. ಇಡೀ ದೇಶದ ಲೆಕ್ಕ ನೋಡುವ ಮನುಷ್ಯ ಕಚೇರಿಯವರಿಗೆ ಉಸಿರು ನೋಡಲು ಕಲಿಸಿದರು.

ನನ್ನಂಥ ಹೊಸಬರಿಗೆ ಭಂತೇಜಿ ಎಣಿಸಲು ಹೇಳಿದರು. ಒಳಗೆ, ಹೊರಗೆ, ಒಂದು. ಒಳಗೆ, ಹೊರಗೆ, ಎರಡು. ‘ಐದಕ್ಕಿಂತ ಮೊದಲು ನಿಲ್ಲಿಸಬೇಡಿ, ಹತ್ತು ದಾಟಬೇಡಿ.’ ಇದು ಅವರ ಸ್ವಂತ ಸಲಹೆ ಎಂದುಕೊಂಡಿದ್ದೆ. ಸಾವಿರದೈನೂರು ವರ್ಷ ಹಿಂದೆ ಬುದ್ಧಘೋಷ ಶ್ರೀಲಂಕಾದಲ್ಲಿ ಕೂತು ಬರೆದ ‘ವಿಸುದ್ಧಿಮಗ್ಗ’ದಲ್ಲಿ ಇದೇ ಲೆಕ್ಕ, ಕಾರಣದ ಸಮೇತ ಇದೆ. ಐದರೊಳಗೆ ನಿಲ್ಲಿಸಿದರೆ ಮನಸ್ಸು ಇಕ್ಕಟ್ಟಿನಲ್ಲಿ ಒದ್ದಾಡುತ್ತದೆ. ಹತ್ತು ದಾಟಿದರೆ ಉಸಿರು ಬಿಟ್ಟು ಅಂಕಿಯನ್ನೇ ಹಿಡಿದುಕೊಳ್ಳುತ್ತದೆ. ಎರಡನೆಯದು ಖರೆ. ನಾನು ಗಮನಿಸಿದಾಗ ಹದಿನೇಳಕ್ಕೆ ಬಂದಿದ್ದೆ, ಉಸಿರಿನ ಸುದ್ದಿಯೇ ಇರಲಿಲ್ಲ.

ಗಂಟೆ ಬಾರಿಸಿದ ಮೇಲೂ ಯಾರೂ ಏಳಲಿಲ್ಲ. ಎಂಥ ತಲ್ಲೀನತೆ ಎಂದು ಬೆರಗಾಗಿ ನೋಡುತ್ತಿದ್ದೆ. ಅರ್ಧಕ್ಕರ್ಧ ಜನರಿಗೆ ಕಾಲು ಜೋಮು ಹಿಡಿದಿತ್ತು.

*

ಐದನೇ ಶೀಲ ಹೇಳುವಾಗ ಜಿ.ಪಿ. ರಾಜರತ್ನಂ ನೆನಪಾದರು. ಕನ್ನಡ ನಾಡಿಗೆ ಯೆಂಡಕುಡುಕ ರತ್ನನನ್ನು ಕೊಟ್ಟವರು ಅವರು. ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರೂ ಅವರೇ. ರತ್ನ ಈ ಸಭೆಗೆ ಬಂದಿದ್ದರೆ ನಾಲ್ಕು ಶೀಲಗಳನ್ನು ಗಟ್ಟಿಯಾಗಿ ಹೇಳಿ, ಐದನೆಯದಕ್ಕೆ ಕೆಮ್ಮು ಬಂದಂತೆ ಮಾಡುತ್ತಿದ್ದನೇನೋ. ನನ್ನ ಎಡಗಡೆ ಒಬ್ಬರು ಹಾಗೆಯೇ ಮಾಡಿದರು.

*

ಭಕ್ತಿ ಸಾಲದು, ಉತ್ಸಾಹ ಸಾಲದು ಎಂದು ಒಬ್ಬರು ತಮ್ಮನ್ನೇ ಬೈದುಕೊಂಡರು. ಭಂತೇಜಿ ಅವರಿಗೆ ಬ್ರಹ್ಮಗಿರಿಗೆ ಹೋಗಿ ಬರಲು ಹೇಳಿದರು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಅದರಲ್ಲಿ ಚಕ್ರವರ್ತಿ ತನ್ನ ಬಗ್ಗೆ ಹೇಳಿಕೊಳ್ಳುವುದು ಹೀಗೆ: ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಲ ಒಂದು ವರ್ಷ ನಾನು ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ; ಸಂಘದ ಹತ್ತಿರ ಹೋದ ಮೇಲೆ ಮಾಡುತ್ತಿದ್ದೇನೆ.

ಸಾಮ್ರಾಜ್ಯದ ಖರ್ಚಿನಲ್ಲಿ, ಬಂಡೆಯ ಮೇಲೆ, ತನ್ನ ಸೋಮಾರಿತನವನ್ನು ಕೆತ್ತಿಸಿದ ಇನ್ನೊಬ್ಬ ರಾಜ ಇದ್ದಾನೆಯೇ? ನಮ್ಮ ಶಾಸನಗಳ ಅರಸರು ಹುಟ್ಟುತ್ತಲೇ ಗಜಗಳನ್ನು ಸೀಳಿದವರು.

*

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೀಲಿ ಶಾಲು ಹೊದ್ದ ಹಿರಿಯರು. ಕೋಲಾರ ಚಿನ್ನದ ಗಣಿಯ ಕಡೆಯವರು. ಮಾತು ಕನ್ನಡವೇ, ಅಂಚಿನಲ್ಲಿ ತಮಿಳು. ‘ನೀವು ಅಂಬೇಡ್ಕರ್ ಅವರಿಂದ ಬೌದ್ಧರಾದವರಾ ಸಾರ್?’ ಎಂದು ಯಾರೋ ಕೇಳಿದಾಗ ಅವರ ಬೆನ್ನು ನೆಟ್ಟಗಾಯಿತು. ‘ನಮ್ಮ ತಾತ ಮಾರಿಕುಪ್ಪಂನಲ್ಲೇ ಆಗಿದ್ದರಪ್ಪಾ. ಬಾಬಾಸಾಹೇಬರು ಬಂದಾಗ ನಾವು ಆಗಲೇ ರೆಡಿ ಇದ್ವಿ.’

ಮಾತಿನ ಹಿಂದೆ ಚರಿತ್ರೆಯಿದೆ. ಅಯೋತಿ ದಾಸರ್ 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಶುರುಮಾಡಿದರು. ಅದರ ಕೊಂಬೆಗಳು ಗಣಿಯ ಊರುಗಳಿಗೂ ಹಬ್ಬಿದವು. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನ ಕಾರ್ಮಿಕರು ನೆಲದಾಳದಲ್ಲಿ ಬಂಡೆ ಒಡೆದು ಮೇಲೆ ಬಂದು ಬುದ್ಧನ ವಿಚಾರ ಚರ್ಚಿಸುತ್ತಿದ್ದರು. ಅಂಬೇಡ್ಕರ್ ಅವರ ನಾಗಪುರದ ದೀಕ್ಷೆಗೆ ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ಕರ್ನಾಟಕದಲ್ಲಿ ಬೌದ್ಧಧರ್ಮ ಎಂದರೆ ಸನ್ನತಿಯ ಶಿಲ್ಪ, ಕದ್ರಿಯ ಲೋಕೇಶ್ವರ, ಬಳ್ಳಿಗಾವೆಯ ತಾರಾ ಎಂದು ಕಲ್ಲು ಕಂಚುಗಳ ಪಟ್ಟಿ ಒಪ್ಪಿಸುವ ನಾವು ಈ ತಾತಂದಿರನ್ನು ಪಠ್ಯದಲ್ಲಿ ಸೇರಿಸಿಯೇ ಇಲ್ಲ. ಹಿರಿಯರು ಅದನ್ನು ದೂರಿನಂತೆ ಹೇಳಲಿಲ್ಲ. ನನಗೇ ಹಾಗೆ ಕೇಳಿಸಿತು.

ಅವರಿಂದ ತಿಳಿದ ಇನ್ನೊಂದು ಸಂಗತಿ ನನ್ನ ಗೊಂದಲಕ್ಕೆ ಹತ್ತಿರದ್ದು. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಮೊದಲು ಬರ್ಮಾ ಮೂಲದ ಹಿರಿಯ ಭಿಕ್ಷು ಚಂದ್ರಮಣಿಯವರ ಮುಂದೆ ಕೈ ಮುಗಿದು ತ್ರಿಶರಣ, ಪಂಚಶೀಲ ಪಡೆದರು. ಅದು ಸಂಪ್ರದಾಯ. ಆಮೇಲೆ ಜನರ ಕಡೆ ತಿರುಗಿ ಲಕ್ಷಾಂತರ ಮಂದಿಗೆ ತಾವೇ ದೀಕ್ಷೆ ಕೊಟ್ಟರು, ಜೊತೆಗೆ 22 ಪ್ರತಿಜ್ಞೆಗಳನ್ನೂ. ಅದು ಸಂಪ್ರದಾಯದಲ್ಲಿ ಇರಲಿಲ್ಲ. ಗೃಹಸ್ಥನೊಬ್ಬ ದೀಕ್ಷೆ ಕೊಡುವುದುಂಟೆ ಎಂದು ಆಮೇಲೆ ಗೊಣಗಿದವರೂ ಇದ್ದರು. ಹಿರಿಯರ ಲೆಕ್ಕ ಸರಳ: ‘ಕೇಳೋದನ್ನ ಕೇಳಿದರು, ಕೊಡೋದನ್ನ ಕೊಟ್ಟರು.’

*

ಪ್ರವಚನ ಮುಗಿದ ಮೇಲೆ ಬಿಳಿ ದಾರ. ಭಂತೇಜಿ ಪರಿತ್ತ ಎಂಬ ರಕ್ಷೆಯ ಪಾಠ ಪಠಿಸುವಾಗ ದಾರದ ಉಂಡೆ ಎಲ್ಲರ ಕೈ ದಾಟಿಕೊಂಡು ಹೋಯಿತು. ಕೊನೆಗೆ ತುಂಡು ಮಾಡಿ ಒಬ್ಬೊಬ್ಬರ ಮಣಿಕಟ್ಟಿಗೂ ಕಟ್ಟಿದರು. ನೀಲಿ ಶಾಲಿನ ಹಿರಿಯರು ಕೈ ಚಾಚಲಿಲ್ಲ. ‘ಇದೇ ದಾರ ಬಿಡೋಕೆ ಅಲ್ವಾ ನಾವು ಈಚೆ ಬಂದದ್ದು?’ ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿದರು. ಮೂಗಿನ ಹೊಳ್ಳೆಯ ಯುವಕನೂ ಹಿಂಜರಿದ. ಬಿಳಿ ಸೀರೆಯ ಅಜ್ಜಿ ಮಾತ್ರ ತನಗೆ ಒಂದು, ಪರೀಕ್ಷೆ ಬರೆಯುವ ಮೊಮ್ಮಗಳಿಗೆ ಒಂದು, ಹೊಸ ಸ್ಕೂಟರಿಗೆ ಒಂದು ಎಂದು ಕೇಳಿ ಪಡೆದರು.

ದೇವರಿಲ್ಲ, ವರವಿಲ್ಲ, ನಿನಗೆ ನೀನೇ ದಿಕ್ಕು ಎನ್ನುವ ಮತದಲ್ಲಿ ಸ್ಕೂಟರಿಗೆ ದಾರ ಹೇಗೆ ಬಂತು? ಇದನ್ನೇ ತುಸು ಮರ್ಯಾದೆಯ ಭಾಷೆಯಲ್ಲಿ ಕೇಳಿದೆ. ಉತ್ತರವಾಗಿ ಭಂತೇಜಿ ಸೀನಿನ ಕಥೆ ಹೇಳಿದರು.

ಒಮ್ಮೆ ಬುದ್ಧ ಬೋಧಿಸುತ್ತಿದ್ದಾಗ ಸೀನು ಬಂತು. ಸುತ್ತ ಇದ್ದ ಭಿಕ್ಷುಗಳೆಲ್ಲ, ಬಹುಕಾಲ ಬಾಳಿ ಎಂದು ಕೂಗಿದರು. ಆ ಗದ್ದಲದಲ್ಲಿ ಪ್ರವಚನ ನಿಂತೇಹೋಯಿತು. ಬುದ್ಧ ಕೇಳಿದ: ಸೀನಿದಾಗ ನೀವು ಬಾಳಿ ಎಂದರೆ ಯಾರಾದರೂ ಬದುಕುತ್ತಾರೆಯೇ, ಅನ್ನದಿದ್ದರೆ ಸಾಯುತ್ತಾರೆಯೇ? ಇಲ್ಲ ಎಂದರು. ಹಾಗಾದರೆ ಇನ್ನು ಮೇಲೆ ಹೇಳಕೂಡದು ಎಂದು ನಿಯಮವಾಯಿತು. ಸ್ವಲ್ಪ ದಿನಕ್ಕೆ ಬೇರೆ ತಾಪತ್ರಯ. ಭಿಕ್ಷುಗಳು ಸೀನಿದಾಗ ಊರವರು ಹರಸುತ್ತಿದ್ದರು, ಇವರು ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ. ಜನ ಬೇಜಾರು ಮಾಡಿಕೊಂಡರು. ಆಗ ಬುದ್ಧ, ಗೃಹಸ್ಥರು ಮಂಗಳ ಬಯಸುವವರು, ಅವರು ಹಾಗೆ ಹರಸಿದರೆ ನೀವೂ ತಿರುಗಿ ಹರಸಿ ಎಂದು ಅನುಮತಿ ಕೊಟ್ಟ.

ಕಥೆ ಮುಗಿಸಿ ಭಂತೇಜಿ ಅಜ್ಜಿಯ ದಾರಕ್ಕೆ ಗಂಟು ಹಾಕಿದರು. ನೀಲಿ ಶಾಲಿನವರಿಗೆ ಕಟ್ಟಲು ಹೋಗಲಿಲ್ಲ. ಉತ್ತರ ಕೊಟ್ಟರೋ ಜಾರಿಕೊಂಡರೋ, ನನಗೆ ಈಗಲೂ ನಿಶ್ಚಯವಿಲ್ಲ. ನಿಯಮ ಮಾಡಿ, ಜನ ಬೇಸರಪಟ್ಟರೆಂದು ಅದನ್ನು ಸಡಿಲಿಸಿ, ಸಡಿಲಿಸಿದ್ದನ್ನೂ ಗ್ರಂಥದಲ್ಲಿ ಬರೆದಿಟ್ಟ ಧರ್ಮ ಮಾತ್ರ ನನಗೆ ಹಿಡಿಸಿತು. ಸ್ಕೂಟರಿನ ಮಟ್ಟಿಗೆ ನಾನು ಹಿರಿಯರ ಪಕ್ಷ.

*

ಪ್ರಶ್ನೋತ್ತರದಲ್ಲಿ ಒಬ್ಬರು ಎದ್ದು ನಿಂತರು. ನಲವತ್ತರ ಆಸುಪಾಸು, ಆಸ್ಪತ್ರೆಯಲ್ಲಿ ನರ್ಸ್. ‘ಭಂತೇಜಿ, ನಾನು ಭಿಕ್ಷುಣಿ ಆಗಬೇಕು ಅಂದ್ರೆ ಎಲ್ಲಿ ಕೇಳಬೇಕು?’

ಅದುವರೆಗೆ ಸರಾಗವಾಗಿ ಮಾತಾಡುತ್ತಿದ್ದ ಭಂತೇಜಿ ನಿಧಾನಿಸಿದರು. ಶ್ರೀಲಂಕಾಕ್ಕೆ ಹೋದರೆ ಸಾಧ್ಯ, ಅಲ್ಲೂ ಎಲ್ಲರೂ ಒಪ್ಪುವುದಿಲ್ಲ ಎಂದರು. ಯಾಕೆ ಎಂದಾಗ ವಿವರಿಸಿದರು. ಭಿಕ್ಷುಣಿ ದೀಕ್ಷೆಗೆ ಎರಡೂ ಸಂಘ ಬೇಕು. ಮೊದಲು ಭಿಕ್ಷುಣಿಯರು ಒಪ್ಪಬೇಕು, ಆಮೇಲೆ ಭಿಕ್ಷುಗಳು. ಥೇರವಾದದಲ್ಲಿ ಭಿಕ್ಷುಣಿ ಪರಂಪರೆ 11ನೇ ಶತಮಾನದ ಹೊತ್ತಿಗೆ ಶ್ರೀಲಂಕಾದಲ್ಲಿ ಕಡಿದುಹೋಯಿತು. ಭಿಕ್ಷುಣಿಯರೇ ಇಲ್ಲದ ಮೇಲೆ ಹೊಸಬರಿಗೆ ಕೊಡುವವರು ಯಾರು? ಥಾಯ್ಲೆಂಡಿನಲ್ಲಂತೂ ಹೆಂಗಸರಿಗೆ ದೀಕ್ಷೆ ಕೊಡಕೂಡದೆಂದು 1928ರಲ್ಲೇ ಸಂಘರಾಜರ ಆದೇಶವಾಗಿದೆ.

ಆದರೆ ಒಂದು ಎಳೆ ಉಳಿದಿತ್ತು. 5ನೇ ಶತಮಾನದಲ್ಲಿ ಶ್ರೀಲಂಕಾದ ಭಿಕ್ಷುಣಿಯರು ಚೀನಾಕ್ಕೆ ಹೋಗಿ ಅಲ್ಲಿನ ಹೆಂಗಸರಿಗೆ ದೀಕ್ಷೆ ಕೊಡಿಸಿದ್ದರು. ಆ ಪರಂಪರೆ ಪೂರ್ವ ಏಷ್ಯಾದಲ್ಲಿ ಕಡಿಯದೆ ಬಂತು. 1996ರಲ್ಲಿ ಸಾರನಾಥದಲ್ಲಿ ಕೊರಿಯಾದವರ ನೆರವಿನಿಂದ, 1998ರಲ್ಲಿ ಬೋಧಗಯಾದಲ್ಲಿ ತೈವಾನಿನವರ ನೆರವಿನಿಂದ ಶ್ರೀಲಂಕಾದ ಹೆಂಗಸರು ಮತ್ತೆ ಭಿಕ್ಷುಣಿಯರಾದರು. ನಮ್ಮ ಮನೆಯ ಹೆಪ್ಪು ಕೆಟ್ಟಾಗ, ಹಿಂದೊಮ್ಮೆ ನಮ್ಮಿಂದಲೇ ಹೆಪ್ಪು ಒಯ್ದಿದ್ದ ಪಕ್ಕದ ಮನೆಯಿಂದ ತಂದು ಹಾಲಿಗೆ ಹಾಕಿದ ಹಾಗೆ. ಒಪ್ಪದವರ ಆಕ್ಷೇಪ, ಪಕ್ಕದ ಮನೆಯವರು ಮಹಾಯಾನದವರು ಎಂಬುದು.

ಮನೆಗೆ ಬಂದು ಹಳೆಯ ಕಥೆ ತೆಗೆದು ಓದಿದೆ. ಬುದ್ಧನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಕಪಿಲವಸ್ತುವಿನಲ್ಲಿ ದೀಕ್ಷೆ ಕೇಳಿದಳು. ಮೂರು ಸಲ ಕೇಳಿದಳು. ಮೂರು ಸಲವೂ ಬೇಡ ಎಂದ. ಬ್ರಹ್ಮನಿಗೆ ಮೂರನೇ ಸಲಕ್ಕೆ ಸಿಕ್ಕಿದ್ದು ಸಾಕಿದವಳಿಗೆ ಸಿಗಲಿಲ್ಲ. ಆಕೆ ತಲೆ ಬೋಳಿಸಿ, ಚೀವರ ಉಟ್ಟು, ಶಾಕ್ಯ ಹೆಂಗಸರನ್ನು ಕರೆದುಕೊಂಡು ವೈಶಾಲಿಯವರೆಗೂ ನಡೆದಳು. ಊದಿದ ಪಾದ, ಮೈಯೆಲ್ಲ ದೂಳು. ಬಾಗಿಲ ಹೊರಗೆ ಅಳುತ್ತ ನಿಂತವಳನ್ನು ಕಂಡು ಬುದ್ಧನ ಶಿಷ್ಯ ಆನಂದ ಒಳಗೆ ಹೋಗಿ ಅವಳ ಪರವಾಗಿ ಕೇಳಿದ. ಅವನದೂ ಮೂರು ಸಲ, ಅವನಿಗೂ ಬೇಡವೆಂದೇ ಉತ್ತರ. ಆಮೇಲೆ ಆನಂದ ಪ್ರಶ್ನೆಯನ್ನೇ ಬದಲಿಸಿದ: ಹೆಂಗಸರು ಮನೆ ಬಿಟ್ಟು ಬಂದರೆ ಅರಹಂತ ಪದವಿಯವರೆಗೆ, ಅಂದರೆ ಪೂರ್ಣ ಬಿಡುಗಡೆಯವರೆಗೆ, ಏರಬಲ್ಲರೇ? ಬಲ್ಲರು ಎಂದ ಬುದ್ಧ. ಅಲ್ಲಿಗೆ ಬಾಗಿಲು ತೆರೆಯಿತು, ಎಂಟು ಷರತ್ತುಗಳ ಜೊತೆ.

ಎಂಟರಲ್ಲಿ ಮೊದಲನೆಯದು: ನೂರು ವರ್ಷದ ಭಿಕ್ಷುಣಿಯೂ ಇವತ್ತು ದೀಕ್ಷೆಯಾದ ಭಿಕ್ಷುವಿಗೆ ವಂದಿಸಬೇಕು. ಮಳೆಗಾಲದ ಲೆಕ್ಕ ನೋಡಿ ತಲೆದೂಗಿದ್ದೆನಲ್ಲ, ಆ ಲೆಕ್ಕ ಹೆಂಗಸರ ಸಾಲಿಗೆ ಬಂದೊಡನೆ ಯಾಕೆ ನಿಂತಿತು? ಈ ಷರತ್ತುಗಳು ಆಮೇಲೆ ಸೇರಿದವು ಎನ್ನುವ ವಿದ್ವಾಂಸರಿದ್ದಾರೆ. ಯಾವಾಗ ಸೇರಿದ್ದರೂ ಅವು ಗ್ರಂಥದಲ್ಲಿವೆ.

ನರ್ಸ್ ಕೊನೆಗೆ ‘ಸಾಧು’ ಎಂದು ಕೂತರು. ದನಿಯಲ್ಲಿ ಒಪ್ಪಿಗೆಯೂ ಇರಲಿಲ್ಲ, ಸೋಲೂ ಇರಲಿಲ್ಲ. ಮುಂದಿನ ಸಲ ಬೇರೆ ಪ್ರಶ್ನೆ ತರುತ್ತಾರೆಂದು ನನ್ನ ಅಂದಾಜು.

*

ಹನ್ನೊಂದು ಗಂಟೆಗೆಲ್ಲ ಊಟದ ಗಡಿಬಿಡಿ. ನಡುಹಗಲು ದಾಟಿದರೆ ಭಿಕ್ಷುವಿಗೆ ಊಟವಿಲ್ಲ, ಮರುದಿನ ಬೆಳಗಾಗಬೇಕು. ಅನ್ನ, ಸಾರು, ಹುರುಳಿಕಾಯಿ ಪಲ್ಯ, ಕೋಸಂಬರಿ, ಒಬ್ಬಟ್ಟು. ಎಲ್ಲವೂ ಭಂತೇಜಿಯ ಕಣ್ಣೆದುರೇ ಇದ್ದರೂ ಅವರು ಮುಟ್ಟುವ ಹಾಗಿಲ್ಲ. ಯಾರಾದರೂ ಎತ್ತಿ ಕೈಯಾರೆ ಕೊಡಬೇಕು. ಕೊಡಲು ಸಾಲು ನಿಂತಿತ್ತು. ಪುಟ್ಟ ಹುಡುಗಿಯ ಪಾಲಿಗೆ ಬಂದದ್ದು ಉಪ್ಪಿನಕಾಯಿ ಬಟ್ಟಲು. ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೊಟ್ಟಿತು.

ಹಣ್ಣಿನ ತಟ್ಟೆ ಬಂದಾಗ ಭಂತೇಜಿ ಪಾಲಿಯಲ್ಲಿ ಏನೋ ಅಂದರು. ಕೊಡುವಾತ ಚಾಕುವಿನ ತುದಿಯಿಂದ ಒಂದು ದ್ರಾಕ್ಷಿಯನ್ನು ಗೀರಿ ‘ಕಪ್ಪಿಯಂ ಭಂತೇ’ ಎಂದ. ಬೀಜವಿದ್ದ ಹಣ್ಣು ಮೊಳೆಯಬಲ್ಲದು, ಮೊಳೆಯಬಲ್ಲದ್ದನ್ನು ಭಿಕ್ಷು ಹಾಳು ಮಾಡಬಾರದು. ಗೃಹಸ್ಥ ಗೀರಿ ಒಪ್ಪಿಸಿದರೆ ತಿನ್ನಬಹುದು. ಎಲ್ಲ ವಿಹಾರಗಳಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ, ಇವರು ಪಾಲಿಸುತ್ತಾರೆ. ಪಾಪದ ಭಾರ ಗೀರಿದವನ ತಲೆಗೆ ದಾಟಿತಲ್ಲ ಎಂದು ನನ್ನ ವಕೀಲಬುದ್ಧಿ. ಅವನೇನೋ ಖುಷಿಯಾಗಿದ್ದ.

ಅಡುಗೆ ಮಾಡಿಕೊಳ್ಳುವ ಹಾಗಿಲ್ಲ. ನಾಳೆಗೆಂದು ಅನ್ನ ಎತ್ತಿಡುವ ಹಾಗಿಲ್ಲ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಇವನ್ನು ಔಷಧವೆಂದು ಏಳು ದಿನದ ಮಟ್ಟಿಗೆ ಇಟ್ಟುಕೊಳ್ಳಬಹುದು, ಅಷ್ಟೆ. ಕಾಯಿಲೆಯಿಲ್ಲದೆ ತನಗಾಗಿ ಪಲ್ಯವನ್ನೋ ಅನ್ನವನ್ನೋ ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ‘ಬೇಕಾದ್ದು ಕೇಳಿ’ ಎಂದು ಮೊದಲೇ ಹೇಳಿಟ್ಟವರನ್ನು ಮಾತ್ರ ಕೇಳಬಹುದು. ಬೆಳಿಗ್ಗೆ ನಾವು ಮೂರು ಸಲ ಕೇಳುವವರೆಗೂ ಬಾಯಿ ತೆರೆಯದ ಮನುಷ್ಯ ಈಗ ನಾವು ಕೊಡುವವರೆಗೂ ಕೈ ಚಾಚದೆ ಕೂತಿದ್ದರು. ಹೀಗೆ ಕಟ್ಟಿಹಾಕದಿದ್ದರೆ ಭಿಕ್ಷು ಎಂದೋ ಕಾಡು ಸೇರಿಬಿಡುತ್ತಿದ್ದ. ಊರಿಗೆ ದಿನವೂ ಮುಖ ತೋರಿಸಬೇಕಾದದ್ದು ಈ ಊಟದ ದೆಸೆಯಿಂದ ಎಂದು ನೀಲಿ ಶಾಲಿನವರ ವ್ಯಾಖ್ಯಾನ. ಅವರಿಗೆ ಭಿಕ್ಷುಗಳ ಬಗ್ಗೆ ಅಂಥ ಮೋಹವೇನಿಲ್ಲ, ಆದ್ದರಿಂದ ಮಾತಿಗೆ ತೂಕ ಹೆಚ್ಚು.

ಸಾರಿಗೆ ಉಪ್ಪು ಸಾಲದು. ನಾವೆಲ್ಲ ಕೇಳಿ ಹಾಕಿಸಿಕೊಂಡೆವು. ಭಂತೇಜಿ ಹಾಗೆಯೇ ಉಂಡರು.

*

ಊಟದ ನಂತರ ಒಂದು ಚೊಂಬಿನಿಂದ ಬಟ್ಟಲಿಗೆ ನೀರು ಎರೆದರು. ಬಟ್ಟಲು ತುಂಬಿ ತಟ್ಟೆಗೆ ಹರಿಯುವವರೆಗೆ ಪಠಣ. ದಾನದ ಪುಣ್ಯ ಸತ್ತವರಿಗೆ ತಲುಪಲಿ ಎಂದು. ಮದುವೆಯಲ್ಲಿ ಧಾರೆ ಎರೆದದ್ದನ್ನು ನೋಡಿದವರಿಗೆ ಕೈಯ ಭಂಗಿ ಪರಿಚಿತ. ಪರಿಚಿತವಾಗದ್ದು ತರ್ಕ. ಅವರವರ ಕರ್ಮ ಅವರವರಿಗೆ ಎಂದ ಮೇಲೆ ನನ್ನ ಪುಣ್ಯ ಅಜ್ಜನಿಗೆ ವರ್ಗವಾಗುವುದು ಹೇಗೆ?

ಭಂತೇಜಿಯ ಪ್ರಕಾರ ಏನೂ ವರ್ಗವಾಗುವುದಿಲ್ಲ. ನೀನು ಮಾಡಿದ ಒಳ್ಳೆಯದನ್ನು ಕಂಡು ಅವನು ಸಂತೋಷಪಟ್ಟರೆ ಆ ಸಂತೋಷವೇ ಅವನ ಪುಣ್ಯ. ಸತ್ತವರು ಗೋಡೆಯಾಚೆ, ಕೂಡುದಾರಿಗಳಲ್ಲಿ, ಬಾಗಿಲ ಪಕ್ಕದಲ್ಲಿ ಬಂದು ನಿಂತಿರುತ್ತಾರೆಂದು ಪಾಲಿಯ ಒಂದು ಸುತ್ತ, ಅಂದರೆ ಸೂತ್ರ, ಹೇಳುತ್ತದೆ. ಬಿಂಬಿಸಾರ ಮಹಾರಾಜ ದಾನ ಮಾಡಿ ಅವರ ಹೆಸರು ಎತ್ತದೆ ಹೋದಾಗ ರಾತ್ರಿಯೆಲ್ಲ ಗೋಳಾಡಿ ಅವನ ನಿದ್ದೆ ಕೆಡಿಸಿದರಂತೆ. ನಮ್ಮ ಪಿತೃಪಕ್ಷದಿಂದ ಕಾಗೆಯನ್ನು ತೆಗೆದರೆ ಬಹುಪಾಲು ಇದೇ ಉಳಿಯುತ್ತದೆ. ಕಾಗೆ ಇದ್ದರೆ ಒಂದು ಅನುಕೂಲ: ಮುಟ್ಟಿತೋ ಇಲ್ಲವೋ ಎಂದು ಅಲ್ಲೇ ಗೊತ್ತಾಗುತ್ತದೆ.

*

ಪಾತ್ರೆ ತೊಳೆದವರ ಹೆಸರು ಯಾರೂ ಹೇಳಲಿಲ್ಲ. ಅದರಲ್ಲಿ ಗಂಡಸರು ಇಬ್ಬರೇ.

*

ಮಧ್ಯಾಹ್ನ ಭಂತೇಜಿ ಚಿತ್ರದುರ್ಗದ ಕಡೆ ಹೊರಟರು. ಭಿಕ್ಷು ಚಿನ್ನ, ಬೆಳ್ಳಿ ಮುಟ್ಟಬಾರದು. ನೋಟು, ನಾಣ್ಯವೂ ಅದರಲ್ಲೇ ಬಂತು. ಈಗ ಜೇಬಿಲ್ಲದ ಚೀವರದಲ್ಲೂ ಜೋಳಿಗೆಯಲ್ಲಿ ಹಣವಿಟ್ಟುಕೊಳ್ಳುವ ಭಿಕ್ಷುಗಳು ಬೇಕಾದಷ್ಟಿದ್ದಾರೆ. ಇವರು ಇಟ್ಟುಕೊಳ್ಳುವುದಿಲ್ಲ. ವಿಹಾರದ ಹುಂಡಿಯ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದರೂ ಅದರ ಲೆಕ್ಕ ನೋಡುವುದು ಗೃಹಸ್ಥರ ಸಮಿತಿ. ಹಾಗಾಗಿ ಬಸ್ಸಿಗೆ ಹತ್ತಿಸಲು ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಜೊತೆಗೆ ಬಂದ, ದಾರಿ ನನ್ನದೂ ಅದೇ ಆದ್ದರಿಂದ ನಾನೂ.

ಹುಡುಗ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಕಂಡಕ್ಟರಿಗೆ ಐನೂರರ ನೋಟು ಕೊಟ್ಟು, ‘ದುರ್ಗ ಒಂದು, ನಮ್ಮ ಗುರುಗಳಿಗೆ’ ಎಂದ. ಚಿಲ್ಲರೆ ಇರಲಿಲ್ಲ. ಕಂಡಕ್ಟರ್ ಟಿಕೆಟಿನ ಬೆನ್ನ ಮೇಲೆ ಬಾಕಿಯ ಅಂಕಿ ಗೀಚಿದ. ಅಷ್ಟರಲ್ಲಿ ಡ್ರೈವರ್ ಗಾಡಿ ಎತ್ತಿದ, ಹುಡುಗ ಕೆಳಗೆ ಹಾರಿದ. ಕಂಡಕ್ಟರ್ ಟಿಕೆಟನ್ನು ಭಂತೇಜಿಯ ಕೈಗಿಟ್ಟು, ಕಿಟಕಿಯ ಹೊರಗಿದ್ದ ನಮಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: ‘ಬಾಕಿ ಬರೆದಿದೀನಿ ಸ್ವಾಮೀ, ಇಳಿಯೋವಾಗ ಮರೀದೆ ಕೇಳಿ ಇಸ್ಕೊಳ್ಳಿ.’